ಇಪ್ಪತ್ತನೆಯ ತಲೆ

ಜಗಳ ಆಡಬೇಕೆಂದೇ ಆ ಅಂಗಡಿಗೆ ಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಚಿಕ್ಕಮ್ಮ ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳುವಾಗ, ನಾನು ಮೊದಲ ನೋಟಕ್ಕೇ ಕರಗಿ ನೀರಾದೆ ಎನ್ನುತ್ತಾಳೆ. ಕರಗಿರಲಿಲ್ಲ. ಕೊತಕೊತ ಕುದಿಯುತ್ತಿದ್ದೆ.

"ನೀವು ರಿಪೇರಿ ಮಾಡಿಕೊಟ್ಟು ಇನ್ನೂ ಒಂದು ವಾರ ಆಗಿಲ್ಲ," ಎಂದು ವಾಚನ್ನು ಗಾಜಿನ ಕೌಂಟರಿನ ಮೇಲಿಟ್ಟೆ. "ದಿನಕ್ಕೆ ಹನ್ನೆರಡು ನಿಮಿಷ ಮುಂದೆ ಓಡ್ತಿದೆ. ಇದನ್ನ ರಿಪೇರಿ ಅಂತಾರಾ?"

ವಾಚಿನವನು ತಲೆ ಎತ್ತಿದ. ಬಲಗಣ್ಣಿಗೆ ಸಿಕ್ಕಿಸಿಕೊಂಡ ಲೆನ್ಸ್ ಹಾಗೇ ಇತ್ತು. ಆ ಒಂದು ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ನನ್ನನ್ನು ನೋಡಿತು. ಇನ್ನೊಂದು ಕಣ್ಣು ಸಾಧಾರಣ ಗಾತ್ರದ್ದು, ನಿದ್ದೆಗೆಟ್ಟದ್ದು, ಯಾವ ಅವಸರವೂ ಇಲ್ಲದ್ದು.

"ಮುಂದೆ ಓಡೋದು ಒಳ್ಳೇದಲ್ವಾ? ಕೆಲಸಕ್ಕೆ ಲೇಟಾಗಲ್ಲ."

"ತಮಾಷೆ ಬೇಡ. ಇದು ನಮ್ಮ ಚಿಕ್ಕಮ್ಮನ ವಾಚು. ನರ್ಸ್ ಆಗಿದ್ದಾಗ ಮೂವತ್ತೆರಡು ವರ್ಷ ಇದನ್ನೇ ನೋಡ್ಕೊಂಡು ರೋಗಿಗಳ ನಾಡಿ ಎಣಿಸಿದ್ದಾಳೆ. ಒಂದು ದಿನವೂ ಕೈಕೊಟ್ಟಿರಲಿಲ್ಲ. ಈಗ ನಾನು ಕಟ್ಕೊಳ್ತೀನಿ. ನಿಮ್ಮ ಕೈಗೆ ಬಂತು, ಕೆಟ್ಟುಹೋಯ್ತು."

ಅವನು ಡ್ರಾಯರಿನಿಂದ ಒಂದು ಪುಟ್ಟ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಇಟ್ಟ. ಉತ್ತರ ತೋರಿಸುತ್ತಿದ್ದ ಮುಳ್ಳು ಮೆಲ್ಲಗೆ ತಿರುಗಿ ವಾಚಿನತ್ತ ಮುಖ ಮಾಡಿತು.

"ಆಯಸ್ಕಾಂತ ಹತ್ತಿದೆ," ಎಂದ. "ಒಳಗೆ ಕೂದಲೆಳೆ ಥರದ ಒಂದು ಸ್ಪ್ರಿಂಗ್ ಇರತ್ತೆ. ಆಯಸ್ಕಾಂತ ಹತ್ತಿದ್ರೆ ಅದರ ಸುತ್ತುಗಳು ಒಂದಕ್ಕೊಂದು ಅಂಟ್ಕೊಳ್ಳತ್ತೆ, ವಾಚು ಓಟ ಕೀಳತ್ತೆ. ನನ್ನ ರಿಪೇರಿ ಸರಿಯಾಗೇ ಇದೆ. ನೀವು ಏನ್ ಕೆಲಸ ಮಾಡ್ತೀರಿ?"

ಹೇಳದೆ ವಿಧಿಯಿರಲಿಲ್ಲ. "ಆಯಸ್ಕಾಂತದ್ದೇ," ಎಂದೆ.

ಅವನು ನಗಲಿಲ್ಲ. ನಗದೇ ಇರಲು ಪಡುತ್ತಿದ್ದ ಕಷ್ಟ ಮಾತ್ರ ತುಟಿಯ ಎಡತುದಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಒಂದು ನೀಲಿ ಡಬ್ಬಿಯ ಮೇಲೆ ವಾಚಿಟ್ಟು, ಗುಂಡಿ ಒತ್ತಿ, ನಿಧಾನವಾಗಿ ದೂರ ಸರಿಸಿದ. ದಿಕ್ಸೂಚಿಯ ಮುಳ್ಳು ತನ್ನ ಉತ್ತರಕ್ಕೆ ವಾಪಸಾಯಿತು. ನಾನು ಥ್ಯಾಂಕ್ಸ್ ಕೂಡ ಹೇಳದೆ ಹೊರಗೆ ಬಂದೆ.

ನನ್ನ ಕೆಲಸ ಎದುರಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ಮಿದುಳಿನ ಕೋಶಗಳು ಒಂದರೊಡನೊಂದು ವಿದ್ಯುತ್ತಿನಲ್ಲಿ ಮಾತಾಡುತ್ತವೆ. ತಲೆಯ ಹೊರಗೆ, ನಾವು ಕಾಯಿಲ್ ಎನ್ನುವ ತಂತಿಯ ಸುರುಳಿಯೊಂದನ್ನು ಹಿಡಿದು, ಅದರಲ್ಲಿ ಕರೆಂಟನ್ನು ಬಿಟ್ಟು ಬಿಟ್ಟು ಹರಿಸಿದರೆ, ಅದರಿಂದ ಏಳುವ ಆಯಸ್ಕಾಂತದ ಅಲೆ ತಲೆಬುರುಡೆ ದಾಟಿ ಕೋಶಗಳನ್ನು ತಟ್ಟುತ್ತದೆ. ಜೋರಾಗಿ ತಟ್ಟಿದರೆ ಕೋಶ ಮಿಡಿಯುತ್ತದೆ, ಕೈಬೆರಳು ತಾನಾಗಿ ಕುಣಿಯುತ್ತದೆ. ನನ್ನದು ಮೆದು ಕಾಯಿಲ್. ಕೋಶವನ್ನು ಮಿಡಿಸುವ ಶಕ್ತಿ ಅದಕ್ಕಿಲ್ಲ. ಪಿಸುಗುಟ್ಟುತ್ತದೆ ಅಷ್ಟೆ. ಆ ಪಿಸುಮಾತಿಗೂ ಕೋಶಗಳ ಚಟುವಟಿಕೆ ಬದಲಾಗುತ್ತದೆಯೇ, ಮಿದುಳಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ನಂಟು ಬಿಗಿಯಾಗುತ್ತದೆಯೇ ಸಡಿಲವಾಗುತ್ತದೆಯೇ ಎಂದು ಕೇಳುತ್ತಾ ಎರಡು ವರ್ಷ ಕಳೆದಿದ್ದೆ.

ನನ್ನ ಜೊತೆಯವರೆಲ್ಲ ಕೇಳುತ್ತಿದ್ದದ್ದು ಬೇರೆ ಪ್ರಶ್ನೆ. "ಇಷ್ಟು ಮೆದು ಕಾಯಿಲ್ ಏನ್ ಮಾಡೀತು?"

ಹೊರಗೆ ಅವರೊಡನೆ ವಾದ ಮಾಡುತ್ತಿದ್ದೆ. ಒಳಗೆ ನಾನೂ ನಂಬಿರಲಿಲ್ಲ ಎಂದು ಕಾಣುತ್ತದೆ. ಇಲ್ಲದಿದ್ದರೆ ವಾಚಿಗೆ ಆಯಸ್ಕಾಂತ ಹತ್ತಿದ್ದು ಪಕ್ಕದ ಕೋಣೆಯ ದೈತ್ಯ ಎಂಆರ್‌ಐ ಸ್ಕ್ಯಾನರಿನಿಂದಲೇ ಎಂದು ಅಷ್ಟು ಖಚಿತವಾಗಿ ಯಾಕೆ ತೀರ್ಮಾನಿಸುತ್ತಿದ್ದೆ? ಸ್ಕ್ಯಾನರಿನ ಹೊಸ್ತಿಲಿಗೆ ಹೋಗುವಾಗ ವಾಚು ಬಿಚ್ಚಿಡುವ ಅಭ್ಯಾಸ ಮಾಡಿಕೊಂಡೆ. ಕಾಯಿಲ್ ಹಿಡಿಯುವಾಗ ಬಿಚ್ಚಬೇಕು ಎಂದು ಹೊಳೆಯಲೇ ಇಲ್ಲ.

ಹಾಗಾಗಿ ವಾಚು ಮತ್ತೆ ಓಟ ಕಿತ್ತಿತು. ಎರಡು ವಾರ ಬಿಟ್ಟು ಇನ್ನೊಮ್ಮೆ. ಆಮೇಲೆ ಮಗದೊಮ್ಮೆ.

"ಮತ್ತೆ ಹತ್ತಿಸ್ಕೊಂಡು ಬಂದ್ರಾ?" ಎಂದು ಅವನು ಬಾಗಿಲಲ್ಲೇ ಕೇಳುತ್ತಿದ್ದ.

"ನೋಡಿ, ನನಗೆ ಇಲ್ಲಿಗೆ ಬರೋ ಆಸೆ ಏನಿಲ್ಲ."

"ಗೊತ್ತು. ಮುಖದ ಮೇಲೇ ಬರೆದಿದೆ. ಟೀ ಕುಡೀತೀರಾ?"

ಕುಡಿಯುತ್ತಿದ್ದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ಆ ಅಂಗಡಿಯಲ್ಲಿ ನಲವತ್ತು ಗಡಿಯಾರಗಳು ನಲವತ್ತು ಬಗೆಯಲ್ಲಿ ಟಿಕ್ ಎನ್ನುತ್ತಿದ್ದವು. ಅವುಗಳ ನಡುವೆ ಕೂತ ಅವನಿಗೆ ಮಾತ್ರ ಹೊತ್ತು ಹೋಗುವ ಚಿಂತೆಯೇ ಇರಲಿಲ್ಲ. ಒಂದು ಮಾತು ಕೇಳಿದರೆ ಉತ್ತರ ಬರುವಷ್ಟರಲ್ಲಿ ನನ್ನ ಟೀ ಮುಗಿದಿರುತ್ತಿತ್ತು. ತಾಳ್ಮೆಯಿಲ್ಲದವರಿಗೆ ಅಂಥ ಮನುಷ್ಯ ಒಂದು ಶಿಕ್ಷೆ. ಆದರೂ ಲೋಟ ಖಾಲಿಯಾದ ಮೇಲೂ ನಾನು ಕೂತಿರುತ್ತಿದ್ದೆ.

ನನ್ನ ಪ್ರಯೋಗಕ್ಕೆ ಇಪ್ಪತ್ತು ವಾಲಂಟಿಯರ್‌ಗಳು ಬೇಕಿದ್ದರು. ಹತ್ತೊಂಬತ್ತು ಮುಗಿದಿತ್ತು. ಇಪ್ಪತ್ತನೆಯವರು ಕೊನೆಯ ಗಳಿಗೆಯಲ್ಲಿ ಬರುವುದಿಲ್ಲ ಎಂದರು. ಆ ಸಿಟ್ಟನ್ನು ವಾಚಿನ ಅಂಗಡಿಯಲ್ಲಿ ಕಕ್ಕುತ್ತಿದ್ದಾಗ ಅವನು ಒಂದು ಸ್ಕ್ರೂ ಬಿಗಿಮಾಡಿ ಮುಗಿಸಿ, "ನನ್ನ ತಲೆ ಆಗತ್ತಾ?" ಎಂದ.

"ಮೈಯಲ್ಲಿ ಲೋಹ ಗೀಹ ಇದೆಯಾ? ಫಿಟ್ಸ್ ಬಂದಿತ್ತಾ ಯಾವಾಗಾದ್ರೂ?"

"ಇಲ್ಲ."

"ನಂಗೆ ಪರಿಚಯದವರು ಆಗಬಾರದು."

ಅವನು ಲೆನ್ಸ್ ತೆಗೆದ. ಮೊದಲ ಸಲ ಎರಡೂ ಕಣ್ಣು ಒಂದೇ ಗಾತ್ರದಲ್ಲಿ ನನ್ನ ಮೇಲೆ ನಿಂತವು. "ನಾವು ಪರಿಚಯದವರಾ?"

"ಅಲ್ಲ," ಎಂದೆ. ಸ್ವಲ್ಪ ಬೇಗನೇ ಎಂದೆ.

"ಹಾಗಿದ್ರೆ ಸರಿ," ಎಂದು ಅವನು ಮತ್ತೆ ಲೆನ್ಸ್ ಸಿಕ್ಕಿಸಿಕೊಂಡ.

ಮೊದಲ ದಿನ ಅವನನ್ನು ಒರಗುವ ಕುರ್ಚಿಯಲ್ಲಿ ಕೂರಿಸಿ ನಿಯಮ ವಿವರಿಸಿದೆ. ನನ್ನ ಬಳಿ ಎರಡು ಕಾಯಿಲ್. ಒಂದಕ್ಕೆ ಹಳದಿ ಸ್ಟಿಕ್ಕರ್, ಇನ್ನೊಂದಕ್ಕೆ ನೀಲಿ. ನೋಡಲು, ಹಿಡಿಯಲು, ಸದ್ದಿನಲ್ಲಿ ಅವಳಿಜವಳಿ. ಒಂದು ನಿಜದ್ದು, ಒಂದು ಸುಮ್ಮನೆ ಸದ್ದು ಮಾಡುವ ಡಮ್ಮಿ. ಯಾವುದು ಯಾವುದೆಂದು ವಾಲಂಟಿಯರ್‌ಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಗೊತ್ತಿದ್ದದ್ದು ಲೆಕ್ಕದಮ್ಮನಿಗೆ ಒಬ್ಬರಿಗೇ. ನಮ್ಮ ಅಂಕಿಅಂಶದ ತಜ್ಞೆಯನ್ನು ಇಡೀ ಮಹಡಿ ಹಾಗೆಯೇ ಕರೆಯುತ್ತಿತ್ತು.

"ಒಂದು ವಿಷಯ ಚೆನ್ನಾಗಿ ಕೇಳಿಸ್ಕೊಳ್ಳಿ," ಎಂದೆ. "ಒಬ್ಬರ ವಿಷಯದಲ್ಲಿ ಹಳದಿ ನಿಜ ಅಂತ ನನಗೆ ಗೊತ್ತಾದ್ರೆ, ಇಪ್ಪತ್ತು ಜನರದ್ದೂ ಗೊತ್ತಾದ ಹಾಗೆ. ಎರಡು ವರ್ಷದ ಕೆಲಸ ನೀರಲ್ಲಿ ಹೋಮ. ಹಾಗಾಗಿ ನಿಮಗೆ ಏನಾದ್ರೂ ಅನುಮಾನ ಬಂದ್ರೂ ನನ್ನ ಹತ್ರ ಬಾಯಿ ಬಿಡಬಾರದು."

"ಬಿಡಲ್ಲ."

"ಪ್ರಾಮಿಸ್?"

"ಬಿಡಲ್ಲ ಅಂದ್ನಲ್ಲ," ಎಂದ. ಅವನ ಮಾತಿಗೆ ಬಾಲ ಇರುವುದಿಲ್ಲ, ಹೇಳಿದರೆ ಹೇಳಿದ್ದೇ ಎಂದು ಆಗ ನನಗೆ ತಿಳಿದಿರಲಿಲ್ಲ.

ಅವನ ಪಾಲಿಗೆ ಬಂದದ್ದು ಹಳದಿ. ದಿನಕ್ಕೆ ಇಪ್ಪತ್ತು ನಿಮಿಷ, ಹತ್ತು ದಿನ. ಅವನ ತಲೆಯ ಎಡಬದಿಗೆ ಕಾಯಿಲ್ ಹಿಡಿದು ನಿಂತರೆ ನನ್ನ ಮಣಿಕಟ್ಟು ಅವನ ಕಿವಿಯ ಪಕ್ಕಕ್ಕೇ ಬರುತ್ತಿತ್ತು. ಅವನ ಕೂದಲಲ್ಲಿ ಎಣ್ಣೆಯ ವಾಸನೆ ಇರುತ್ತಿತ್ತು, ಗಡಿಯಾರಕ್ಕೆ ಹಾಕುವ ತೆಳು ಎಣ್ಣೆಯದು. ಕಿವಿಯ ಹಿಂದೆ ಒಂದು ಸಣ್ಣ ಮಚ್ಚೆ. ಹತ್ತೊಂಬತ್ತು ಜನರ ಕಿವಿಯ ಹಿಂದೆ ಏನಿತ್ತು ಎಂದು ಕೇಳಿದರೆ ನನಗೆ ನೆನಪಿಲ್ಲ.

ಮೂರನೆಯ ದಿನ, ಕಾಯಿಲ್ ಇಳಿಸುತ್ತಿದ್ದಂತೆ ಅವನು ಕಣ್ಣು ತೆರೆದ.

"ವಾಚು ತಾಳ ತಪ್ಪಿದೆ," ಎಂದ. ಗೋಡೆಯ ಗಡಿಯಾರ ನೋಡಿದ, ನನ್ನ ಕೈ ನೋಡಿದ. "ಭಾನುವಾರ ನಾನೇ ಸರಿಮಾಡಿ ಟೈಮ್ ಇಟ್ಟಿದ್ದೆ. ಈಗಾಗ್ಲೇ ಹದಿನೈದು ನಿಮಿಷ ಮುಂದಿದೆ. ಸ್ಕ್ಯಾನರ್ ಹತ್ರ ಹೋಗಿದ್ರಾ?"

"ಎಲ್ಲಿಂದ ಹೋಗ್ಲಿ? ಅದು ಸೋಮವಾರದಿಂದ ಸರ್ವೀಸಿಗೆ ಅಂತ ಬೀಗ ಹಾಕಿದೆ."

"ಬೇರೆ ಯಾರಿಗಾದ್ರೂ ಕಾಯಿಲ್ ಹಿಡಿದ್ರಾ ಈ ವಾರ?"

"ನೀವೊಬ್ಬರೇ ಬಾಕಿ ಇರೋದು. ಯಾಕೆ?"

ಅವನು ಬಾಯಿ ತೆರೆದ. ಮುಚ್ಚಿದ. ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಅಂಗೈ ಚಾಚಿ, "ವಾಚು ಕೊಡಿ," ಎಂದ.

"ಯಾವಾಗ ಕೊಡ್ತೀರಿ?"

"ಆದಾಗ."

ಅವತ್ತಿನಿಂದ ನನ್ನ ಮಣಿಕಟ್ಟು ಬರಿದು. ಅವತ್ತಿನಿಂದಲೇ ಅವನೂ ಬದಲಾದ. ಕುರ್ಚಿಯಲ್ಲಿ ಕೂತು ಏನೋ ಲೆಕ್ಕ ಹಾಕುತ್ತಿರುವವನಂತೆ ನನ್ನನ್ನು ನೋಡುತ್ತಿದ್ದ. ನಾನು ನೋಡಿದರೆ ಛಾವಣಿ ನೋಡುತ್ತಿದ್ದ. ಪ್ರತಿ ದಿನ ಸೆಷನ್ ಮುಗಿದ ಮೇಲೆ ನಾನು ಫಾರಂ ಹಿಡಿದು ಪ್ರಶ್ನೆ ಕೇಳಬೇಕಿತ್ತು. ತಲೆನೋವು? ಇಲ್ಲ. ತೂಕಡಿಕೆ? ಇಲ್ಲ. ಮನಸ್ಸಿನಲ್ಲಿ ಏನಾದರೂ ಬದಲಾವಣೆ? ಇಲ್ಲ. ಒಂಬತ್ತು ದಿನ ಹೀಗೇ ನಡೆಯಿತು.

ಹತ್ತನೆಯ ದಿನ ಕೊನೆಯ ಪ್ರಶ್ನೆಗೆ ಅವನು ತಡೆದ.

"ಬದಲಾವಣೆ ಅಂತ ಅಲ್ಲ. ಮೊದಲಿಂದ ಇದ್ದಿದ್ದೇ. ಇವತ್ತು ಕೊನೇ ದಿನ, ನಾಳೆಯಿಂದ ಇಲ್ಲಿಗೆ ಬರೋ ಹಾಗಿಲ್ಲ, ಅದಕ್ಕೆ ಹೇಳ್ತೀನಿ. ನೀವು ಅಂದ್ರೆ ನನಗೆ ಇಷ್ಟ. ಬರ್ಕೊಳ್ಳಿ."

ನನ್ನ ಪೆನ್ನು ನಿಂತಿತು. ಎದೆ ನಿಲ್ಲಲಿಲ್ಲ, ಅದು ತನ್ನ ಪಾಡಿಗೆ ದಡಬಡ ಓಡತೊಡಗಿತು. ಎಂಟು ತಿಂಗಳಿಂದ ಟೀ ಕುಡಿಯುತ್ತಾ ನಾನು ಕಾದಿದ್ದ ಮಾತು ಅದೇ ಎಂದು ಆ ಕ್ಷಣಕ್ಕೆ ನನಗೆ ತಿಳಿಯಿತು. ಮರುಕ್ಷಣವೇ ರೇಗಿಹೋಯಿತು. ಎಂಟು ತಿಂಗಳು ಬಿಟ್ಟು, ನಾನೇ ಹತ್ತು ದಿನ ಅವನ ಮಿದುಳನ್ನು ತಟ್ಟಿ ಮುಗಿಸಿದ ಮೇಲೆ ಈ ಮನುಷ್ಯನಿಗೆ ಬಾಯಿ ಬಂದಿತ್ತು!

"ಇದನ್ನ ಹೋದ ತಿಂಗಳು ಹೇಳೋಕೆ ಏನಾಗಿತ್ತು ನಿಮಗೆ?"

"ಧೈರ್ಯ ಇರ್ಲಿಲ್ಲ."

"ಈಗ ಎಲ್ಲಿಂದ ಬಂತು ಧೈರ್ಯ? ಯೋಚಿಸಿದ್ರಾ? ಹತ್ತು ದಿನ ನಿಮ್ಮ ತಲೆಗೆ ನಾನು ಕಾಯಿಲ್ ಹಿಡಿದಿದ್ದೀನಿ. ಅದು ನಿಜದ್ದೋ ಡಮ್ಮಿನೋ ನನಗೇ ಗೊತ್ತಿಲ್ಲ. ನಿಜದ್ದೇ ಆಗಿದ್ರೆ? ಇವತ್ತು ನಿಮ್ಮ ಬಾಯಲ್ಲಿ ಬರ್ತಿರೋದು ನಿಮ್ಮ ಮಾತೋ, ನಾನು ಹಾಕಿದ ಮಾತೋ? ನಾನೇ ಮೆಷೀನ್ ಹಚ್ಚಿ ಹುಟ್ಟಿಸಿದ ಪ್ರೀತಿನ ನಾನೇ ಇಟ್ಕೊಳ್ಳೋಕೆ ಆಗತ್ತಾ?"

"ಕಾಯಿಲ್‌ಗೂ ಇದಕ್ಕೂ ಸಂಬಂಧ ಇಲ್ಲ."

"ಹೇಗೆ ಗೊತ್ತು?"

ಮತ್ತೆ ಬಾಯಿ ತೆರೆದ, ಮತ್ತೆ ಮುಚ್ಚಿದ. "ಈಗ ಹೇಳೋಕಾಗಲ್ಲ."

"ನನ್ನ ವಾಚು?"

"ಅದೂ ಈಗ ಕೊಡೋಕಾಗಲ್ಲ."

ಫಾರಂನಲ್ಲಿ 'ಮನಸ್ಥಿತಿ: ಸ್ವಲ್ಪ ಏರುಪೇರು' ಎಂದು ಬರೆದೆ. ಯಾರ ಮನಸ್ಥಿತಿ ಎಂದು ಬರೆಯಲಿಲ್ಲ. ಸಂಜೆ ಲೆಕ್ಕದಮ್ಮ ಅದನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಏರಾ, ಪೇರಾ?" ಎಂದರು.

ಲೆಕ್ಕದಮ್ಮ ಉತ್ತರ ಬರೆದು ಮುಚ್ಚಿಟ್ಟಿದ್ದ ಲಕೋಟೆ ತೆರೆಯಲು ಹನ್ನೊಂದು ವಾರ ಇತ್ತು. ಕೊನೆಯ ಸ್ಕ್ಯಾನ್‌ಗಳು ಮುಗಿಯಬೇಕು, ಚಿತ್ರಗಳ ವಿಶ್ಲೇಷಣೆ ಮುಗಿಯಬೇಕು, ಆಮೇಲೆ ಹಳದಿ ಯಾವುದು ನೀಲಿ ಯಾವುದು ಎಂದು ತಿಳಿಯುವುದು. ಅದು ಡಮ್ಮಿಯಾಗಿರಲಿ ಎಂದು ಬೇಡಿಕೊಂಡೆ. ಹಳದಿ ಡಮ್ಮಿಯಾದರೆ ಅವನ ಮಾತು ಅವನದ್ದೇ. ಎರಡು ವರ್ಷ ನಿಷ್ಪಕ್ಷಪಾತದ ಪಾಠ ಹೇಳಿಕೊಂಡು ಬಂದವಳು ಒಂದು ಬಣ್ಣದ ಪರವಾಗಿ ಹರಕೆ ಹೊರುವ ಮಟ್ಟಕ್ಕೆ ಇಳಿದಿದ್ದೆ.

ವಾಚಿಗಾಗಿ ಐದು ಸಲ ಹೋದೆ.

"ಇನ್ನೂ ನೋಡ್ತಾ ಇದ್ದೀನಿ," ಎನ್ನುತ್ತಿದ್ದ.

"ಏನು ನೋಡ್ತಾ ಇದ್ದೀರಿ? ಆ ಡಬ್ಬಿ ಮೇಲಿಟ್ಟು ಗುಂಡಿ ಒತ್ತೋಕೆ ಅರ್ಧ ನಿಮಿಷ ಸಾಕು, ನಾನೇ ಕಂಡಿದ್ದೀನಿ!"

"ಟೀ ಕುಡೀತೀರಾ?"

"ಬೇಡ!"

ಬೇಡ ಎಂದದ್ದಕ್ಕೆ ಅವನ ಮುಖ ಸಣ್ಣದಾಗುತ್ತಿತ್ತು. ಅದನ್ನು ನೋಡಿ ಅಯ್ಯೋ ಎನಿಸುತ್ತಿತ್ತು. ಹಾಗೆ ಎನಿಸಿದ್ದಕ್ಕೆ ಮತ್ತೆ ಸಿಟ್ಟು ಬರುತ್ತಿತ್ತು. ರಸ್ತೆ ದಾಟುವಾಗ ಹಿಂತಿರುಗಿ ನೋಡಿದರೆ, ಅವನು ಕೆಲಸ ಬಿಟ್ಟು ಗಾಜಿನ ಹಿಂದೆ ನಿಂತಿರುತ್ತಿದ್ದ. ನಾನು ನೋಡಿದ್ದು ಕಂಡ ಕೂಡಲೇ ಯಾವುದೋ ಗಡಿಯಾರಕ್ಕೆ ಕೀಲಿ ಕೊಡುವವನಂತೆ ನಟಿಸುತ್ತಿದ್ದ. ಒಮ್ಮೆ ಅವನು ಹಾಗೆ ಕೀಲಿ ಕೊಟ್ಟದ್ದು ಕ್ಯಾಲೆಂಡರಿಗೆ.

ಕೊನೆಗೆ ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನನ್ನ ವಾಚು. ನಾನೇ ಹೋಗಿ ಕೇಳ್ತೀನಿ. ಅದ್ಯಾವ ಮಹಾರಾಯ ಅದು, ನೋಡೇಬಿಡ್ತೀನಿ," ಎಂದು ಬೆಳಿಗ್ಗೆ ಹೊರಟವಳು ಮಧ್ಯಾಹ್ನ ಊಟದ ಹೊತ್ತಿಗೆ ಬಂದಳು. ಬರಿಗೈಯಲ್ಲಿ ಬಂದಳು. ಮುಖ ಮಾತ್ರ ಊರಗಲವಾಗಿತ್ತು.

"ವಾಚೆಲ್ಲಿ?"

"ಕೊಡಲಿಲ್ಲ. ಕಾರಣ ಇದೆ."

"ಏನು ಕಾರಣ?"

"ನನಗೆ ಹೇಳಿದ. ಸರಿ ಅನ್ನಿಸ್ತು."

"ಅದೇ, ಏನು ಅಂತ?"

"ನಿನಗೆ ಹೇಳಬಾರದು ಅಂದಿದ್ದಾನೆ. ಮೂವತ್ತೆರಡು ವರ್ಷ ರೋಗಿಗಳ ಗುಟ್ಟು ಕಾಪಾಡಿದೋಳು ಕಣೇ ನಾನು, ನಿನ್ನ ಹತ್ರ ಬಾಯಿ ಬಿಡ್ತೀನಾ?" ಎಂದು ತಟ್ಟೆ ಎಳೆದುಕೊಂಡಳು. "ಒಳ್ಳೆ ಹುಡುಗ. ಸ್ವಲ್ಪ ನಿಧಾನ. ನಿನಗೆ ಅಂಥವನೇ ಬೇಕು, ಇಬ್ಬರೂ ಕುದೀತಿದ್ರೆ ಮನೆ ಉಳಿಯತ್ತಾ?"

"ಚಿಕ್ಕಮ್ಮಾ!"

"ಕೂಗ್ಬೇಡ. ಊಟ ಮಾಡು."

ನನ್ನ ಮನೆಯವಳೇ ಅವನ ಪಕ್ಷಕ್ಕೆ ಹಾರಿದ ಮೇಲೆ ಯಾರ ಹತ್ತಿರ ದೂರಲಿ? ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು. ತಲೆಗಳ ಮೇಲೆ ಸಂಶೋಧನೆ ಮಾಡುವವಳಿಗೆ ಅದು ಶೋಭಿಸುವುದಿಲ್ಲ ಎಂದು ಬಿಟ್ಟೆ.

ಹನ್ನೊಂದನೆಯ ವಾರದ ಕೊನೆಗೆ ಲೆಕ್ಕದಮ್ಮ ಕರೆದರು. ಟೇಬಲ್ಲಿನ ಮೇಲೆ ಎರಡು ಚಿತ್ರ. ಒಂದು ಗುಂಪಿನ ಹತ್ತು ಮಿದುಳುಗಳಲ್ಲಿ ಮುಂಭಾಗಕ್ಕೂ ಒಳಭಾಗಕ್ಕೂ ನಡುವಿನ ನಂಟು ತೆಳುವಾಗಿ, ಆದರೆ ಸ್ಪಷ್ಟವಾಗಿ ಬಿಗಿಯಾಗಿತ್ತು. ಇನ್ನೊಂದು ಗುಂಪಿನಲ್ಲಿ ಏನೂ ಇಲ್ಲ. ಲಕೋಟೆ ಹರಿದರು.

"ಹಳದಿ ನಿಜ. ನೀಲಿ ಡಮ್ಮಿ," ಎಂದರು. "ಬಿಗಿಯಾಗಿರೋದು ಹಳದಿ ಗುಂಪು. ನಿನ್ನ ಮೆದು ಕಾಯಿಲ್ ಕೆಲಸ ಮಾಡ್ತಮ್ಮ!"

ಕೈ ಕುಲುಕಿದರು. ಪಕ್ಕದ ಕೋಣೆಯವರೂ ಬಂದು ಕುಲುಕಿದರು. ಎರಡು ವರ್ಷ ಕೇಳಬೇಕೆಂದಿದ್ದ ಮಾತು ಅದು. ನನಗೆ ಮಾತ್ರ ಕಾಲ ಕೆಳಗಿನ ನೆಲ ಸರಿದಂತಾಯಿತು. ಹಳದಿ ನಿಜ ಎಂದರೆ ಅವನ ತಲೆಗೆ ನಾನು ಹಿಡಿದದ್ದು ನಿಜದ ಕಾಯಿಲ್. ಅವನ ಮಿದುಳಿನ ನಂಟನ್ನು ನಾನೇ ಬಿಗಿಮಾಡಿದ್ದೆ. ಹತ್ತನೆಯ ದಿನ ಅವನು ಹೇಳಿದ ಮಾತು ಅವನದ್ದು ಎನ್ನಲು ನನ್ನ ಬಳಿ ಈಗ ಏನೂ ಉಳಿದಿರಲಿಲ್ಲ.

ಊಟದ ಬಿಡುವಿಗೆ ನೇರ ಅಂಗಡಿಗೆ ನಡೆದೆ. ಬಾಗಿಲನ್ನು ಹಿಂದೆ ಮುಚ್ಚುವ ತಾಳ್ಮೆಯೂ ಇರಲಿಲ್ಲ.

"ಲಕೋಟೆ ತೆಗೆದಾಯ್ತು," ಎಂದೆ. "ನಿಮಗೆ ಹಾಕಿದ್ದು ನಿಜದ್ದೇ."

"ಗೊತ್ತು," ಎಂದ.

"ಗೊತ್ತಾ?"

"ಮೂರನೇ ದಿನವೇ. ಸ್ಕ್ಯಾನರ್‌ಗೆ ಬೀಗ ಅಂದ್ರಿ. ಬೇರೆ ಯಾರಿಗೂ ಕಾಯಿಲ್ ಹಿಡಿದಿಲ್ಲ ಅಂದ್ರಿ. ಆದ್ರೂ ವಾಚಿಗೆ ಆಯಸ್ಕಾಂತ ಹತ್ತಿತ್ತು. ಡಮ್ಮಿಯಿಂದ ಹತ್ತಲ್ಲ. ಅಂದ್ರೆ ಹಳದಿ ನಿಜ." ಅವನು ಕೈಯೊರೆಸಿಕೊಂಡ. "ನಿಮಗೆ ಹೇಳಿದ್ರೆ ಇಪ್ಪತ್ತು ಜನರದ್ದೂ ಹೋಗತ್ತೆ ಅಂದಿದ್ರಲ್ಲ. ವಾಚು ನಿಮ್ಮ ಕೈಯಲ್ಲೇ ಇದ್ದಿದ್ರೆ ಒಂದಲ್ಲ ಒಂದು ದಿನ ನಿಮಗೇ ಹೊಳೆದುಬಿಡೋದು. ಅದಕ್ಕೆ ಇಟ್ಕೊಂಡೆ. ನಿಮ್ಮ ಚಿಕ್ಕಮ್ಮಂಗೆ ಹೇಳಿದೆ, ಅವರ ವಾಚಲ್ವಾ, ಕಳ್ಳ ಅಂದ್ಕೊಳ್ಳಬಾರದು."

ಕೌಂಟರ್ ಹಿಡಿದು ನಿಂತೆ. ಹನ್ನೊಂದು ವಾರ ನಾನು ಬಾಯಿಗೆ ಬಂದದ್ದೆಲ್ಲ ಬೈದಿದ್ದೆ. ಆ ಮನುಷ್ಯ ಬೈಗುಳ ನುಂಗಿಕೊಂಡು, ಟೀ ಬೇಕಾ ಎಂದು ಕೇಳಿಕೊಂಡು, ನನ್ನ ಎರಡು ವರ್ಷವನ್ನು ಡ್ರಾಯರಿನಲ್ಲಿ ಕಾಪಾಡಿದ್ದ. ನನಗೆ ಗೊತ್ತಾಗಬಾರದಿದ್ದದ್ದು ಗೊತ್ತಾಗಿರಲಿಲ್ಲ. ಆದರೆ ಗೊತ್ತಿರಬಾರದ ವಾಲಂಟಿಯರ್‌ಗೆ ಗೊತ್ತಿತ್ತು. ಅದನ್ನು ಮುಚ್ಚಿಡುವಂತಿಲ್ಲ. ಅಲ್ಲೇ ನಿಂತು ಲೆಕ್ಕದಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇಪ್ಪತ್ತನೆಯವರನ್ನು ಲೆಕ್ಕದಿಂದ ತೆಗೆದುಬಿಡಿ ಎಂದೆ. ಅತ್ತ ಒಂದೆರಡು ನಿಮಿಷ ಕೀಲಿಮಣೆಯ ಸದ್ದಾಯಿತು.

"ತೆಗೆದೆ. ಹತ್ತೊಂಬತ್ತರಲ್ಲೂ ರಿಸಲ್ಟ್ ನಿಲ್ಲತ್ತೆ, ಸ್ವಲ್ಪ ಇಳಿದಿದೆ ಅಷ್ಟೆ. ನಡೆದಿದ್ದನ್ನ ನಡೆದ ಹಾಗೆ ವರದಿಯಲ್ಲಿ ಬರಿ," ಎಂದರು. "ಅಂದಹಾಗೆ ಒಂದು ಪ್ರಶ್ನೆ. ಏರಾ, ಪೇರಾ?"

ಫೋನ್ ಇಟ್ಟೆ. "ನಿಮ್ಮನ್ನ ಸ್ಟಡಿಯಿಂದ ತೆಗೆದುಹಾಕಿದೆ," ಎಂದೆ.

"ಅಂದ್ರೆ ಇನ್ಮೇಲೆ ನಾನು ವಾಲಂಟಿಯರ್ ಅಲ್ಲ."

"ಅಲ್ಲ. ಆದ್ರೆ ನಿಜದ ಕಾಯಿಲ್ ಅಂತ ಗೊತ್ತಿದ್ದೂ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರಲ್ಲ, ಅದು ಹೇಗೆ?"

ಅವನು ಕೈಯೊರೆಸಿದ ಬಟ್ಟೆಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದ. ಈ ಸಲ ನಾನು ಅವಸರ ಮಾಡಲಿಲ್ಲ.

"ಅವತ್ತು ಬಾಯಿಮಾತಿಗೆ ಅಂದೆ," ಎಂದ. "ಮೊದಲಿಂದ ಇತ್ತು ಅನ್ನೋದು ನಿಜ. ಆದ್ರೆ ನೀವು ಅಷ್ಟು ಜೋರಾಗಿ ಕೇಳಿದ್ಮೇಲೆ ನನಗೂ ಭಯ ಆಯ್ತು. ಮೊದಲಿಂದ ಇತ್ತು ಅಂತ ಅನ್ನಿಸ್ತಿರೋದೇ ಕಾಯಿಲ್‌ನಿಂದ ಆಗಿದ್ರೆ? ನೀವೇ ಕೊಟ್ಟ ಕಾಗದದಲ್ಲಿ ಬರೆದಿತ್ತು, ಏನಾದ್ರೂ ಬದಲಾವಣೆ ಆದ್ರೂ ಎರಡು ಮೂರು ವಾರದಲ್ಲಿ ಇಳಿದುಹೋಗತ್ತೆ ಅಂತ. ಅದಕ್ಕೆ ಕಾದೆ. ರಿಪೇರಿ ಆದ ಗಡಿಯಾರನ ಕೂಡ್ಲೇ ಯಾರೂ ಕೊಡಲ್ಲ, ಇಟ್ಕೊಂಡು ನೋಡ್ತೀವಿ. ದಿನಾ ಬೆಳಿಗ್ಗೆ ಎದ್ದು ನನ್ನನ್ನ ನಾನೇ ನೋಡ್ಕೊಂಡೆ, ಇಳೀತಾ ಅಂತ."

"ಇಳೀತಾ?"

"ಇಲ್ಲ. ನೀವು ಟೀ ಬೇಡ ಅಂದ ದಿನ ಇನ್ನೂ ಜಾಸ್ತಿ ಇರೋದು."

ಆಗಲೂ ನನ್ನ ಬುದ್ಧಿ ಬಿಡಬೇಕಲ್ಲ. "ಅದು ಪುರಾವೆ ಆಗಲ್ಲ," ಎಂದೆ. "ಒಬ್ಬರ ಮೇಲೆ ನೋಡಿ ತೀರ್ಮಾನ ಮಾಡೋಕಾಗಲ್ಲ. ಹೋಲಿಸಿ ನೋಡೋಕೆ ಇನ್ನೊಬ್ಬರು ಬೇಕು. ಅದೇ ಕೋಣೆಯಲ್ಲಿ, ಅದೇ ಹೊತ್ತಲ್ಲಿ ಇದ್ದು, ಕಾಯಿಲ್ ಮಾತ್ರ ಹಾಕಿಸಿಕೊಳ್ಳದೇ ಇದ್ದವರು. ಅವರಿಗೆ ಏನಾಯ್ತು ಅಂತ ನೋಡ್ಬೇಕು."

ಅವನು ಗಂಭೀರವಾಗಿ ಯೋಚಿಸಿದ. "ಆ ಕೋಣೆಯಲ್ಲಿ ನನ್ನ ಬಿಟ್ರೆ ನೀವೊಬ್ಬರೇ ಇದ್ದಿದ್ದು."

ನಾನು ಗೋಡೆಯ ಗಡಿಯಾರಗಳತ್ತ ತಿರುಗಿದೆ.

"ನಿಮಗೇನಾಯ್ತು?" ಎಂದ.

"ಏನಾಯ್ತು ಅಂತ ಬೇರೆ ಕೇಳ್ತೀರಲ್ಲ!" ಕಟ್ಟೆ ಒಡೆಯಿತು. "ಊಟ ಸೇರಲ್ಲ. ಕೆಲಸ ಮಾಡೋಕೆ ಕೂತ್ರೆ ಕಣ್ಣು ರಸ್ತೆ ಕಡೆಗೇ ಹೋಗತ್ತೆ. ವಾಚು ನೆಪ ಮಾಡ್ಕೊಂಡು ಐದು ಸಲ ಬಂದೆ, ಐದೂ ಸಲ ಬೈದು ಹೋಗಿ ಬಚ್ಚಲಲ್ಲಿ ಅತ್ತೆ. ನಿಮಗಾದ್ರೂ ಕಾಯಿಲ್ ಅಂತ ಒಂದು ಕಾರಣ ಇದೆ. ನನ್ನ ತಲೆಗೆ ಯಾರೂ ಏನೂ ಹಿಡಿದಿರಲಿಲ್ಲ. ನನಗೆ ಯಾವ ನೆಪವೂ ಇಲ್ಲ. ನೀವು ಅಂದ್ರೆ ಇಷ್ಟ. ಸುಮ್ಮನೆ ಇಷ್ಟ. ಸಾಕಾ?"

ನಲವತ್ತು ಗಡಿಯಾರಗಳು ತಮ್ಮ ಪಾಡಿಗೆ ಟಿಕ್ ಎನ್ನುತ್ತಿದ್ದವು. ಅವನ ತುಟಿಯ ಎಡತುದಿ ಮೆಲ್ಲಗೆ ಮೇಲಕ್ಕೆ ಹೋಯಿತು. ಈ ಸಲ ಅದನ್ನು ತಡೆಯಲು ಅವನು ಏನೂ ಮಾಡಲಿಲ್ಲ.

"ಹಾಗಾದ್ರೆ ಕಾಯಿಲ್ ಹಾಕಿಸ್ಕೊಂಡ್ರೂ ಅಷ್ಟೇ, ಹಾಕಿಸ್ಕೊಳ್ಳದಿದ್ರೂ ಅಷ್ಟೇ," ಎಂದ. "ಅಂದ್ರೆ ಅದು ಏನೂ ಮಾಡಲ್ಲ."

"ಏನೂ ಮಾಡಲ್ಲ ಅಂತ ಮಾತ್ರ ಅನ್ನಬೇಡಿ," ಎಂದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. "ಎರಡು ವರ್ಷದ ಕೆಲಸ ನಂದು."

ಅವನು ಕೌಂಟರಿನ ಆಚೆಯಿಂದ ಕೈ ಚಾಚಿ ನನ್ನ ಬರಿಯ ಮಣಿಕಟ್ಟು ಹಿಡಿದುಕೊಂಡ. ಗಟ್ಟಿಯಾಗಿ ಹಿಡಿಯಲಿಲ್ಲ, ಬಿಡಲೂ ಇಲ್ಲ.

ಯಾರೋ ಗೋಡೆ ಗಡಿಯಾರವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಕಾಲಿಟ್ಟರು. ಅವನು ಅತ್ತ ತಿರುಗಿಯೂ ನೋಡದೆ, "ಅಂಗಡಿ ಮುಚ್ಚಿದೆ," ಎಂದ.

"ಬಾಗಿಲು ತೆಗೆದೇ ಇದೆಯಲ್ಲ ಸ್ವಾಮಿ," ಎಂದರು ಅವರು.

"ಮುಚ್ಚಿದೆ," ಎಂದು ಈ ಸಲ ನಾನೇ ಹೇಳಿದೆ.